ಹಸಿರುಮನ ಅಂಗಿ ಧರಿಸಿ ಅಳುವುದನ್ನು ನಿರ್ಬಂಧಿಸುವ ಬಗ್ಗೆ

ಕನ್ನಡ ನೌಕರ ಕುಟುಂಬಗಳ ಕ್ಷೇಮ ಮಂಡಲಿ
ಮಕ್ಕಳ ಮನೋಕ್ಷೇಮ ಹಾಗೂ ಸುಸ್ಥಿರ ಉಡುಪು ಉಪಸಮಿತಿ
ಲೇಕ್ ಮಾರ್ಕೆಟ್ ಹಿಂಭಾಗ, ಕೋಲ್ಕತ್ತಾ

ಸಂಖ್ಯೆ: ಕ್ಷೇಮಂ/ಮನೋ/ಅಂಗಿ/37/2006-07
ದಿನಾಂಕ: 09-11-2006

ಸುತ್ತೋಲೆ

ವಿಷಯ: ಮಕ್ಕಳ ದಿನಾಚರಣೆಯಂದು ಪರಿಸರಸ್ನೇಹಿ ಅಂಗಿ ಧರಿಸುವುದು, ಸಂತೋಷವಾಗಿರುವುದು ಮತ್ತು ಒಂದು ಹಳೆಯ ಸ್ವೆಟರನ್ನು ಹಿಂಪಡೆಯುವ ಕುರಿತು.

ಉಲ್ಲೇಖ: 1. ಹಸಿರುಮನ ಉಡುಪು ಸಂಸ್ಥೆಯ ಇ-ಮೇಲ್.
2. ದಿನಾಂಕ 05-11-2006ರ ಪೂರ್ವಾಭ್ಯಾಸದ ನಡವಳಿ.
3. ಸಭಾಂಗಣದ ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ಗಂಗೂಬಾಯಿ ಇವರ ಬಾಯಿಮಾತಿನ ಸಮಜಾಯಿಷಿ.

ಈ ಊರಿನ ಐಟಿ ಬಡಾವಣೆಯಾದ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಮಿತ್ರರು ಸ್ಥಾಪಿಸಿರುವ 'ಹಸಿರುಮನ' ಸಂಸ್ಥೆಯು ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಅರಿವು ಮೂಡಿಸುವ ಸಲುವಾಗಿ ಮಂಡಲಿಯ ಅರವತ್ತೊಂದು ಮಕ್ಕಳಿಗೆ ತಲಾ ಒಂದು ಸಾವಯವ ಹತ್ತಿಯ ಅಂಗಿಯನ್ನು ಉಚಿತವಾಗಿ ನೀಡಿರುತ್ತದೆ. ಇದೇ ತಿಂಗಳ 14ರಂದು ಸದರಿ ಮಕ್ಕಳ ಫೋಟೋ ತೆಗೆದು ಸಂಸ್ಥೆಯ ವೆಬ್‌ಸೈಟಿಗೆ ಏರಿಸಲಾಗುವುದು. ಪೂರ್ವಾಭ್ಯಾಸದಲ್ಲಿ ಕಂಡುಬಂದ ಅಶಿಸ್ತನ್ನು ಉಪಸಮಿತಿಯು ಗಂಭೀರವಾಗಿ ಪರಿಗಣಿಸಿ, ಎಲ್ಲ ಪೋಷಕರಿಗೂ ಈ ಕೆಳಕಂಡಂತೆ ಸೂಚಿಸಿದೆ:

1. ಅಂಗಿಗಳು ಒಂದೇ ಅಳತೆಯವಾಗಿರುತ್ತವೆ. ಬೇರೆ ಬೇರೆ ಅಳತೆಗೆ ಕತ್ತರಿಸಿದರೆ ಬಟ್ಟೆ ಪೋಲಾಗಿ ಭೂಮಿಗೆ ನೋವಾಗುತ್ತದೆಂದು ಸಂಸ್ಥೆಯು ತಿಳಿಸಿದೆ. ಅಂಗಿಯು ಮಗುವಿನ ಮೊಣಕಾಲು ದಾಟಿದಲ್ಲಿ ಮಗು ಬೆಳೆಯುವವರೆಗೆ ಕಾಯತಕ್ಕದ್ದು. ಪ್ರತಿ ಅಂಗಿಯನ್ನು ಸುತ್ತಿಟ್ಟಿರುವ ಮೂರು ಪದರದ ಪ್ಲಾಸ್ಟಿಕ್ಕಿನ ಬಗ್ಗೆ ಪ್ರಶ್ನೆಗಳನ್ನು ಸ್ವೀಕರಿಸಲಾಗುವುದಿಲ್ಲ.

2. ಅಂಗಿಯ ಎದೆಯ ಮೇಲೆ 'ನನ್ನ ಮನಸ್ಸು ಹಗುರ' ಎಂದು ಮುದ್ರಿಸಲಾಗಿದೆ. ಆದ್ದರಿಂದ ಅಂಗಿ ಧರಿಸಿರುವ ಮಗು ಅಳುವುದು ಮುದ್ರಿತ ಬರಹಕ್ಕೆ ವಿರುದ್ಧವಾಗುತ್ತದೆ. ಅಳಲೇಬೇಕಾದ ಮಗು ನಮೂನೆ-3ರಲ್ಲಿ ಅರ್ಜಿ ಸಲ್ಲಿಸಿ, ಅಂಗಿ ಕಳಚಿ ಮಡಚಿ ಒಪ್ಪಿಸಿ, ಮೆಟ್ಟಿಲ ಬಳಿ ಸಂಜೆ 4.10ರಿಂದ 4.20ರವರೆಗೆ ಅತ್ತು, ಮುಖ ಒರೆಸಿಕೊಂಡು ಅಂಗಿಯನ್ನು ಮರಳಿ ಪಡೆಯತಕ್ಕದ್ದು. ಮುಖ ಒರೆಸಲು ಅಂಗಿಯನ್ನು ಬಳಸತಕ್ಕದ್ದಲ್ಲ, ಬಣ್ಣ ಬಿಡುತ್ತದೆ.

3. ಭಾವನೆಗಳನ್ನು ದಾಖಲಿಸುವ ನಮೂನೆಯಲ್ಲಿ 'ಸಂತೋಷ', 'ಅತಿ ಸಂತೋಷ', 'ಇತರೆ' ಎಂಬ ಮೂರು ಕಲಂಗಳಿವೆ. ಸಂಸ್ಥೆಯ ಸಾಫ್ಟ್‌ವೇರಿನಲ್ಲಿ ಇದಕ್ಕಿಂತ ಹೆಚ್ಚಿನ ಭಾವನೆಗಳಿಗೆ ಸ್ಥಳವಿರುವುದಿಲ್ಲ. ಪೂರ್ವಾಭ್ಯಾಸದಂದು ಅರವತ್ತು ಮಕ್ಕಳು 'ಅತಿ ಸಂತೋಷ' ಎಂದು ಗುರುತು ಹಾಕಿರುವುದು ತೃಪ್ತಿಕರವಾಗಿದೆ. ನಮೂನೆ ಒಪ್ಪಿಸಿದ ಮೇಲೆಯೇ ಸಂದೇಶ್ ಎಂಬ ಬಂಗಾಳಿ ಸಿಹಿತಿಂಡಿಯನ್ನು ಹಂಚಲಾಯಿತೆಂಬುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು.

4. ಅಕ್ಕ ಅಣ್ಣಂದಿರಿಂದ ಇಳಿದುಬಂದ, ತೇಪೆ ಹಾಕಿದ, ರಫೂ ಮಾಡಿದ ಅಥವಾ ಅಜ್ಜಿಯ ಸೀರೆಯಿಂದ ಹೊಲಿದ ಉಡುಪುಗಳು ಎಷ್ಟೇ ವರ್ಷ ಬಾಳಿಕೆ ಬಂದಿದ್ದರೂ ಅವುಗಳಿಗೆ ಪ್ರಮಾಣಪತ್ರವಿಲ್ಲದ ಕಾರಣ ಸುಸ್ಥಿರವೆಂದು ಪರಿಗಣಿಸಲಾಗುವುದಿಲ್ಲ. ಅಂದು ಅವುಗಳನ್ನು ಧರಿಸಿ ಬರುವಂತಿಲ್ಲ. ಮಂಕಿ ಟೋಪಿಗೆ ಮಾತ್ರ ವಿನಾಯಿತಿ ಇರುತ್ತದೆ. ನವೆಂಬರ್ ತಿಂಗಳಿನಲ್ಲಿ ಈ ಊರಿನವರೊಂದಿಗೆ ಚಳಿಯ ಬಗ್ಗೆ ವಾದಿಸುವ ಅಧಿಕಾರ ಉಪಸಮಿತಿಗಿಲ್ಲ.

5. ಹಳೆಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಬಾಗಿಲಿಗೆ ಬಂದಾಗ ಹಸಿರುಮನ ಅಂಗಿಯನ್ನು ಕೊಡತಕ್ಕದ್ದಲ್ಲ. ಈಗಾಗಲೇ ಒಂದು ಅಂಗಿಯು ಮುಚ್ಚಳವಿರುವ ಸ್ಟೀಲ್ ಡಬ್ಬಿಯಾಗಿ ಮಾರ್ಪಟ್ಟಿರುತ್ತದೆ. ಸದರಿ ಡಬ್ಬಿಯು ಅಧ್ಯಕ್ಷರ ಮನೆಯಲ್ಲಿಯೇ ಇರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

6. ಸೆಕ್ಟರ್ ಫೈವ್‌ನ ಅತಿಥಿಗಳು ಎಪ್ಪತ್ತನಾಲ್ಕು ಸ್ಲೈಡುಗಳನ್ನು ತೋರಿಸಲಿರುವುದರಿಂದ ಸಮಯದ ಅಭಾವ ಉಂಟಾಗಿ, 'ಮಕ್ಕಳ ಮಾತು ಕೇಳೋಣ' ಎಂಬ ಹದಿನೈದು ನಿಮಿಷದ ಕಾರ್ಯಕ್ರಮವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ. ಅದನ್ನು ನಡೆಸಿಕೊಡಬೇಕಿದ್ದ ಆಪ್ತ ಸಲಹೆಗಾರ್ತಿಯವರಿಗೆ ಬರಬೇಡಿರೆಂದು ತಿಳಿಸಲಾಗಿದೆ.

7. ಅರವತ್ತೊಂದನೆಯ ಮಗು, ರೈಲ್ವೆ ನೌಕರ ಶ್ರೀ ಮಾಧವ ಇವರ ಪುತ್ರಿ ಕುಮಾರಿ ಮೈತ್ರಿ, ಮೂರನೆಯ ತರಗತಿ, ಪೂರ್ವಾಭ್ಯಾಸಕ್ಕೆ ಕಂದು ಬಣ್ಣದ ಸ್ವೆಟರ್ ಧರಿಸಿ ಬಂದು, ಅದರಿಂದ ಎದೆಯ ಬರಹವನ್ನು ಪೂರ್ತಿ ಮುಚ್ಚಿರುತ್ತಾಳೆ. ಸ್ವೆಟರನ್ನು ವಶಕ್ಕೆ ಪಡೆದು ಪಟ್ಟಿ ಮಾಡಲಾಯಿತು: ಕೈಹೆಣಿಗೆ, ಎಡ ಮೊಣಕೈಗೆ ರಫೂ, ಜೇಬು ಒಂದು, ಜೇಬಿನಲ್ಲಿ ಗೋಲಿ ಒಂದು.

8. ವಿಚಾರಿಸಲಾಗಿ, ಸ್ವೆಟರ್ ಆಕೆಯದಲ್ಲವೆಂದೂ ಅಣ್ಣ ಚೇತನನದೆಂದೂ ತಿಳಿದುಬಂತು. ಬೇರೆಯವರ ಉಡುಪು ಧರಿಸಲು ಮೂಲ ಬಳಕೆದಾರನ ನಿರಾಕ್ಷೇಪಣಾ ಪತ್ರ ಅವಶ್ಯವಿರುವುದರಿಂದ ಅದನ್ನು ಹಾಜರುಪಡಿಸಲು ತಂದೆಗೆ ಸೂಚಿಸಲಾಯಿತು. ಮಗನು ಕಳೆದ ವರ್ಷದ ಮಳೆಗಾಲದಲ್ಲಿ ಡೆಂಗಿಯಿಂದ ತೀರಿಕೊಂಡಿರುವುದಾಗಿ ತಂದೆಯು ಮೌಖಿಕವಾಗಿ ತಿಳಿಸಿ ಹೊರಗೆ ಹೋಗಿರುತ್ತಾರೆ. ಇದನ್ನು ಉತ್ತರವೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.

9. ಸದರಿ ಬಾಲಕಿಯು 'ಇತರೆ' ಕಲಂನಲ್ಲಿ ಪೆನ್ಸಿಲಿನಿಂದ ಬರೆದಿರುವುದು: 'ಇದು ಹಾಕ್ಕೊಂಡ್ರೆ ಅಣ್ಣ ಪಕ್ಕದಲ್ಲೇ ಇದಾನೆ ಅನ್ಸತ್ತೆ. ಪ್ಲೀಸ್ ತಗೋಬೇಡಿ ಅಂಕಲ್. ನಂಗೆ ಸಂದೇಶ್ ಬೇಡ.' ಬರಹವು ಚೌಕದ ಗೆರೆಯನ್ನು ಮೀರಿರುವುದರಿಂದ ತಿರಸ್ಕೃತವಾಗಿದೆ. ಆದರೂ ಎಲ್ಲ ಅರವತ್ತೊಂದು ಮಕ್ಕಳೂ ಅತಿ ಸಂತೋಷವಾಗಿದ್ದಾರೆಂದು ಸಂಸ್ಥೆಗೆ ವರದಿ ಕಳುಹಿಸಲಾಗಿದೆ.

10. ಬೀರುವಿನಲ್ಲಿ ಇರಿಸಿದ್ದ ಸ್ವೆಟರ್ ಮರುದಿನ ಬೆಳಿಗ್ಗೆ ಕಾಣೆಯಾಗಿತ್ತು. ಬೀಗದ ಕೈ ಹೊಂದಿರುವ ಶ್ರೀಮತಿ ಗಂಗೂಬಾಯಿ, ಮೂಲತಃ ಧಾರವಾಡದ ಕಡೆಯವರು, ಕಸಬರಿಗೆಯನ್ನು ಕೆಳಗಿಡದೆಯೇ ನೀಡಿದ ಸಮಜಾಯಿಷಿ ಹೀಗಿದೆ: 'ಕೂಸು ಬಾಗಲದಾಗ ನಿಂತು ಅಳಾಕತ್ತಿತ್ತರೀ. ತಗದು ಕೊಟ್ಟೆ. ಅದರಾಗ ಕೇಳೂದೇನೈತಿ?' ಸಮಜಾಯಿಷಿಯಲ್ಲಿ ಕಡತದ ಸಂಖ್ಯೆ ಇಲ್ಲದ ಕಾರಣ ಅದು ಸಮರ್ಪಕವಾಗಿರುವುದಿಲ್ಲ. ಕೇಳುವುದೇನಿದೆ ಎಂಬುದನ್ನು ಪರಿಶೀಲಿಸಲು ಮೂವರ ಸಮಿತಿಯನ್ನು ರಚಿಸಲಾಗಿದೆ.

11. ಸ್ವೆಟರನ್ನು 13ನೇ ತಾರೀಖಿನೊಳಗೆ ಮರಳಿ ಒಪ್ಪಿಸದಿದ್ದಲ್ಲಿ, ಮಕ್ಕಳ ಮನಸ್ಸಿನ ಹಿತದೃಷ್ಟಿಯಿಂದ, ಕುಮಾರಿ ಮೈತ್ರಿಯನ್ನು ಫೋಟೋದಿಂದ ಹೊರಗಿಡಲಾಗುವುದು.

ಈ ಸುತ್ತೋಲೆಯನ್ನು ಪೋಷಕರು ಮಕ್ಕಳಿಗೆ ಪ್ರೀತಿಯಿಂದ ಓದಿ ಹೇಳಿ, ಹೇಳಿದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು.

ಸಹಿ/-
(ಪುರುಷೋತ್ತಮ)
ಸದಸ್ಯ ಕಾರ್ಯದರ್ಶಿ,
ಮಕ್ಕಳ ಮನೋಕ್ಷೇಮ ಹಾಗೂ ಸುಸ್ಥಿರ ಉಡುಪು ಉಪಸಮಿತಿ

ಪ್ರತಿಗಳು:
1. ಹಸಿರುಮನ ಸಂಸ್ಥೆ, ಸೆಕ್ಟರ್ ಫೈವ್: ವೆಬ್‌ಸೈಟಿನಲ್ಲಿ ಹಾಕಲು, 7ರಿಂದ 11ರವರೆಗಿನ ಕಂಡಿಕೆಗಳನ್ನು ಬಿಟ್ಟು.
2. ಅಧ್ಯಕ್ಷರು: ಡಬ್ಬಿಯ ಮುಚ್ಚಳ ಸರಿಯಾಗಿ ಕೂರುವುದೇ ಎಂಬ ಮಾಹಿತಿ ಕೋರಿ.
3. ಆಪ್ತ ಸಲಹೆಗಾರ್ತಿ: ಬರಬಾರದೆಂದು ಮತ್ತೊಮ್ಮೆ ತಿಳಿಸುತ್ತಾ.
4. ಶ್ರೀಮತಿ ಗಂಗೂಬಾಯಿ: ಲಿಖಿತ ಸಮಜಾಯಿಷಿಗಾಗಿ. ಇವರಿಗೆ ಓದುಬರಹ ಬಾರದ ಕಾರಣ ಕುಮಾರಿ ಮೈತ್ರಿಯಿಂದ ಬರೆಸಬಹುದು.
5. ಶ್ರೀ ಮಾಧವ: ಹೊರಗೆ ಹೋದವರು ಇನ್ನೂ ಒಳಗೆ ಬಾರದಿರುವ ಬಗ್ಗೆ ಕಾರಣ ಕೇಳಿ.
6. ಕುಮಾರ ಚೇತನ, ವಯಸ್ಸು ಹನ್ನೊಂದು: ನಿರಾಕ್ಷೇಪಣಾ ಪತ್ರಕ್ಕಾಗಿ ಎರಡನೆಯ ನೆನಪೋಲೆ. ಇವರ ಈಗಿನ ವಿಳಾಸ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ತಂಗಿಗೆ ಗೊತ್ತಿರುವಂತೆ ತೋರುವುದರಿಂದ, ಪ್ರತಿಯನ್ನು ಸ್ವೆಟರಿನ ಜೇಬಿನಲ್ಲಿ, ಗೋಲಿಯ ಪಕ್ಕದಲ್ಲಿ ಇಡತಕ್ಕದ್ದು.