ಬಟ್ಟೆ ಹಿಂಡುವ ಮಷೀನಿನಲ್ಲಿ ಕಟ್ಟಿನ ಸಾರು

ಸೋಮವಾರ, ಮಧ್ಯಾಹ್ನ ಮೂರು ಗಂಟೆ, ನವಲಗುಂದ. ಹಾಜರಿದ್ದವರು: ನಾನು, ನನ್ನ ತಂಗಿ, ಆಕೆಯ ಗಂಡ. ಈ ಗಂಡನ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ಗರಗರ ತಿರುಗಿಸಿದವು, ಇನ್ನೂ ತಿರುಗಿಸಬೇಕಾದವು!

ಧಾರವಾಡದ ಪ್ರಯೋಗಾಲಯವೊಂದರಲ್ಲಿ ನಿವೃತ್ತಿಯವರೆಗೂ ಸೆಂಟ್ರಿಫ್ಯೂಜ್ ಎಂಬ ತಿರುಗುವ ಯಂತ್ರ ನಡೆಸಿದ ಪುಣ್ಯಾತ್ಮ. ಅದರಲ್ಲಿ ದ್ರವ ತುಂಬಿದ ಕೊಳವೆಗಳನ್ನು ಸಮತೂಕ ಮಾಡಿ, ಎದುರುಬದುರು ಇಟ್ಟು ತಿರುಗಿಸಿದರೆ ಭಾರವಾದದ್ದು ತಳ ಸೇರುತ್ತದೆ, ಹಗುರಾದದ್ದು ಮೇಲೆ ಉಳಿಯುತ್ತದೆ. ಮನೆಗೆ ಬಂದರೂ ಆ ಚಟ ಬಿಟ್ಟೀತೇ? ಒಂದು ಮದುವೆಯ ಊಟದಲ್ಲಿ ನನ್ನನ್ನು ಎಬ್ಬಿಸಿ, ನನ್ನಷ್ಟೇ ದಪ್ಪನೆಯ ಬೀಗರೊಬ್ಬರ ಎದುರಿಗೆ ಕೂಡಿಸಿದ.

"ಹಿಂಗ ಕುಂತ್ರ ಪಂಕ್ತಿ ಅಲ್ಲಾಡೂದಿಲ್ರಿ, ಅಣ್ಣಾರ!"

ಪಂಕ್ತಿ ಯಾವಾಗ ತಿರುಗುತ್ತದೋ ಎಂದು ಎಲೆ ಹಿಡಿದುಕೊಂಡೇ ಊಟ ಮುಗಿಸಿದೆ.

ಆ ಸೋಮವಾರ ಮಾತ್ರ ನಗುವ ಹಾಗಿರಲಿಲ್ಲ. ತಂಗಿಗೆ ಕರುಳಿನ ಆಪರೇಶನ್ ಆಗಿತ್ತು. ತಿಳಿಯಾದದ್ದನ್ನಷ್ಟೇ ಕುಡಿಸಬೇಕೆಂದು ಡಾಕ್ಟರ ಅಪ್ಪಣೆ. ಆಕೆಯೋ ಎಳನೀರಿಗೂ ಮುಖ ತಿರುಗಿಸುತ್ತಿದ್ದಳು. ಸಂಜೆಯೊಳಗೆ ಏನೂ ಕುಡಿಯದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಸಲೈನ್.

"ಕಟ್ಟಿನ ಸಾರ ಕೊಟ್ರ ಕುಡೀತೇನಿ," ಅಂದಳು.

ಡಾಕ್ಟರಿಗೆ ಫೋನು ಮಾಡಿದೆವು. ಖಾರ ಬೇಡ, ಬೇಳೆಯ ಒಂದು ಕಣವೂ ಇರಬಾರದು ಎಂದರು.

"ಬಟ್ಟೀಲೆ ಸೋಸೂಣು," ಅಂದೆ.

"ಬಟ್ಟಿ ತೂತಿನಾಗ ಬೇಳಿ ಮೆರವಣಿಗಿ ಹೋಗತೈತ್ರಿ!" ಎಂದ ಆ ಗಂಡ.

ಬೇಳೆ ಬೇಯಿಸಿದ ನೀರನ್ನು ಎರಡು ಬಾಟಲಿಗೆ ತುಂಬಿ, ತಕ್ಕಡಿಯಲ್ಲಿ ಹನಿಹನಿ ಹಾಕಿ ಸಮ ಮಾಡಿ, ವಾಷಿಂಗ್ ಮಷೀನಿನ ಬಟ್ಟೆ ಹಿಂಡುವ ತೊಟ್ಟಿಯಲ್ಲಿ ಎದುರುಬದುರು ಬಿಗಿದ. ಗುಂಡಿ ತಿರುವಿದ. ಬಾಟಲಿಗಳೇನೋ ಸಮ, ನಮ್ಮ ಎರೆಮಣ್ಣಿನ ನೆಲ ಸಮ ಇರಬೇಕಲ್ಲ? ಮಷೀನು ಕುಣಿಯುತ್ತ ಬಾಗಿಲ ಕಡೆ ಹೊರಟೇಬಿಟ್ಟಿತು!

"ಅಣ್ಣಾರ, ಮ್ಯಾಲೆ ಕೂಡ್ರಿ!"

ಕೂತೆ. ಕನ್ನಡಕ ಮೂಗಿನ ತುದಿಗಿಳಿಯಿತು, ಹಲ್ಲುಗಳು ತಾಳ ಹಾಕಿದವು. ಹಾಸಿಗೆಯಿಂದಲೇ ನೋಡಿದ ತಂಗಿ ಕೂಗಿದಳು: "ನಗಸಬ್ಯಾಡ್ರೀ! ಹೊಲಿಗಿ ಬಿಚ್ಚತಾವ!"

ಮಷೀನು ನಿಂತಾಗ ಬೇಳೆಯೆಲ್ಲ ಬಾಟಲಿಯ ಒಂದು ಪಕ್ಕಕ್ಕೆ ಗಟ್ಟಿಯಾಗಿ ಅಂಟಿತ್ತು. ಉಳಿದದ್ದು ತಿಳಿ, ಆದರೆ ತುಸು ಹಳದಿ.

"ಇನ್ನೊಮ್ಮೆ ತಿರುಗಸೂಣೇನು?" ಎಂದು ಅಂಜುತ್ತಲೇ ಕೇಳಿದೆ.

"ಬ್ಯಾಡ್ರಿ. ಅದರಾಗ ಪ್ರೋಟೀನ ಅದಾವು. ಭಾಳ ಸಣ್ಣವು, ಇಷ್ಟ ಜೋರಿಗೆಲ್ಲಾ ತಳಾ ಹಿಡಿಯೂದಿಲ್ಲ. ಆಕಿಗೆ ಬೇಕಾಗಿದ್ದೂ ಅವ."

ಉಪ್ಪು ಹಾಕಿ, ಬೆಚ್ಚಗೆ ಮಾಡಿ, ಚಮಚದಲ್ಲಿ ಹಿಡಿದ. ಕುಡಿಸುವ ಮೊದಲು ಇನ್ನೊಮ್ಮೆ ಬೆಳಕಿಗೆ ಎತ್ತಿ ಕಣ ಹುಡುಕಿದ. ತಂಗಿ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು ಬಾಯಿಗೆ ತಂದುಕೊಂಡಳು.

"ಇನ್ನಷ್ಟು ಹಾಕ್ರಿ," ಅಂದಳು.

ಬಟ್ಟಲು ಖಾಲಿಯಾಯಿತು. ಅವನು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ನಾನು ಬಟ್ಟಲು ತೊಳೆದು ಕವುಚಿಟ್ಟೆ. ಅಂದಿನ ಕೆಲಸ ಮುಗಿಯಿತು.