ಕೋಳಿ ಶೆಡ್ಡಿಗೊಂದು ಕರ್ನಲ್

ಬೇಡ ಎಂದು ಹೇಳಲು ಬಾರದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವನು. ನನಗೆ ಬೇಕು ಎಂದು ಹೇಳಲೂ ಬರುವುದಿಲ್ಲ. ಹೋಟೆಲಿನಲ್ಲಿ ಕಾಫಿಯೋ ಟೀಯೋ ಎಂದು ಕೇಳಿದರೆ ಪಕ್ಕದ ಮೇಜಿನವರು ಏನು ಕುಡಿಯುತ್ತಿದ್ದಾರೆ ಎಂದು ಇಣುಕುತ್ತೇನೆ. ಹನ್ನೆರಡು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಏನಪ್ಪಾ, ಒಪ್ಪಿಗೆಯೋ?" ಎಂದು ನೇರವಾಗಿ ಕೇಳಿಬಿಟ್ಟರು. ನಾನು "ನೋಡೋಣ" ಎಂದೆ. "ಅರ್ಧ ಗಂಟೆಯಿಂದ ಅದನ್ನೇ ಮಾಡ್ತಿದೀಯಲ್ಲಪ್ಪಾ" ಎಂದರು ಅವರು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ನಕ್ಕವಳು ಹುಡುಗಿಯೇ ಎಂದು ಆಮೇಲೆ ತಿಳಿಯಿತು. ಆ ನಗು ಕೇಳಿದ ಮೇಲೆ ನಾನು ಒಪ್ಪಿದ್ದೆ. ಆದರೆ ಬಾಯಿಬಿಟ್ಟು ಹೇಳಿದ್ದು ನಮ್ಮಪ್ಪ.

ಇಂಥ ಮನುಷ್ಯನಿಗೆ ದೇವರು ಕೊಟ್ಟ ಉದ್ಯೋಗ ಯಾವುದು ಗೊತ್ತೆ? ದಿನವಿಡೀ ಬೇಕು-ಬೇಡ ಹೇಳುವುದು. ಕೊಯಮತ್ತೂರಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರು. ಕೋಳಿ ಶೆಡ್ಡುಗಳಲ್ಲಿ ಬಿಸಿಲೇರಿದರೆ ಫ್ಯಾನು ಹಾಕುವ, ಹೊತ್ತಿಗೆ ಸರಿಯಾಗಿ ದೀಪ ಹಚ್ಚುವ, ನೀರು ಬಿಡುವ ಪೆಟ್ಟಿಗೆಗಳನ್ನು ನಾವು ಮಾಡುತ್ತೇವೆ. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಬೋರ್ಡು. ಆ ಬೋರ್ಡಿಗೂ ಒಂದು ಆಪರೇಟಿಂಗ್ ಸಿಸ್ಟಂ ಬೇಕು. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಕರೆಂಟು ಬಂದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಉಳಿದವರನ್ನೆಲ್ಲ ಎಬ್ಬಿಸಿ ಕೆಲಸ ಹಂಚುವ ಯಜಮಾನ ಅದು. ಈ ಯಜಮಾನನನ್ನು ಅಂಗಡಿಯಿಂದ ತಂದು ಕೂರಿಸಲಾಗುವುದಿಲ್ಲ, ನಮ್ಮ ಅಳತೆಗೆ ನಾವೇ ಹೊಲಿಸಿಕೊಳ್ಳಬೇಕು. ಹೊಲಿಸುವ ಮೊದಲು ಒಂದು ದೊಡ್ಡ ಪಟ್ಟಿ ಪರದೆಯ ಮೇಲೆ ಬರುತ್ತದೆ. ಸಾವಿರಾರು ಸಾಲು, ಒಂದೊಂದು ಸಾಲಿಗೂ ಒಂದೊಂದು ಪ್ರಶ್ನೆ: ಇದು ಬೇಕೆ, ಬೇಡವೆ?

ನಮ್ಮ ಬೋರ್ಡಿನಲ್ಲಿ ಜಾಗ ಬಹಳ ಕಮ್ಮಿ. ಆದ್ದರಿಂದ ಬೇಡ ಎನ್ನುತ್ತಾ ಹೋಗುವುದೇ ನನ್ನ ಕೆಲಸ. ಟಿವಿ ಕಾರ್ಡು ಬೇಕೆ? ಕೋಳಿಗೆ ಧಾರಾವಾಹಿ ಯಾಕೆ, ಬೇಡ. ಆಟದ ಜಾಯ್‌ಸ್ಟಿಕ್ಕು? ಬೇಡ. ಹವ್ಯಾಸಿ ರೇಡಿಯೋ? ಇಲ್ಲಿ ನನ್ನ ಕೈ ನಿಲ್ಲುತ್ತದೆ. ಇಲ್ಲೇ ಹತ್ತಿರದ ಪಲ್ಲಡದ ಯಾವುದೋ ಕೋಳಿ ಸಾಕುವವರಿಗೆ ಮುಂದೊಂದು ದಿನ ರೇಡಿಯೋದ ಹುಚ್ಚು ಹಿಡಿಯಬಾರದೆಂದು ಏನಿದೆ? ಪ್ರತಿ ಪ್ರಶ್ನೆಯ ಅಡಿಯಲ್ಲೂ ಸಹಾಯಕ್ಕೆಂದು ನಾಲ್ಕು ಮಾತು ಬರೆದಿರುತ್ತಾರೆ. ಎಷ್ಟೋ ಕಡೆ ಅದರ ಕೊನೆಯ ಸಾಲು, 'ಅನುಮಾನವಿದ್ದರೆ ಬೇಡ ಎನ್ನಿ' ಎಂದಿರುತ್ತದೆ. ಕೆಲವು ಕಡೆ 'ಅನುಮಾನವಿದ್ದರೆ ಬೇಕು ಎನ್ನಿ'. ಬರೆದ ಪುಣ್ಯಾತ್ಮರು ಯಾವ ದೇಶದವರೋ ಏನೋ, ನನ್ನಂಥವನ ಕಷ್ಟ ಬಲ್ಲವರು. ಬದುಕಿನ ಪ್ರಶ್ನೆಗಳ ಅಡಿಯಲ್ಲೂ ಹೀಗೊಂದು ಸಾಲು ಬರೆದಿದ್ದರೆ ನನ್ನ ಅರ್ಧ ಕೂದಲು ಇನ್ನೂ ಕಪ್ಪಾಗಿರುತ್ತಿತ್ತು. ಆದರೆ ಆ ಪುಣ್ಯಾತ್ಮರೇ ಒಂದು ಎಡವಟ್ಟನ್ನೂ ಮಾಡಿಟ್ಟಿದ್ದಾರೆ. ಬೇಕು, ಬೇಡ ಎಂಬ ಎರಡು ಉತ್ತರಗಳ ಜೊತೆಗೆ ಮೂರನೆಯದೊಂದು ಉತ್ತರವಿದೆ, ಅದರ ಹೆಸರು ಮಾಡ್ಯೂಲ್. ಅಂದರೆ, ಈಗಲೇ ಒಳಗೆ ಸೇರಿಸಬೇಡಿ, ಹಾಗಂತ ಎಸೆಯಲೂ ಬೇಡಿ. ಬೇರೆಯಾಗಿ ಗಂಟು ಕಟ್ಟಿ ಉಗ್ರಾಣದಲ್ಲಿಡಿ, ಬೇಕೆನಿಸಿದಾಗ ತರಿಸಿಕೊಳ್ಳೋಣ. ನನ್ನನ್ನು ಎದುರಿಗೆ ಕೂರಿಸಿಕೊಂಡೇ ಈ ಉತ್ತರವನ್ನು ತಯಾರಿಸಿದ್ದಾರೆಂದು ನನಗೆ ಬಲವಾದ ಗುಮಾನಿ. ಹವ್ಯಾಸಿ ರೇಡಿಯೋಗೆ ನಾನು ಅದನ್ನೇ ಒತ್ತಿದೆ. ಆಮೇಲೆ ನೂರಾರು ಸಾಲಿಗೆ ಅದನ್ನೇ ಒತ್ತುತ್ತಾ ಹೋದೆ.

ಇನ್ನು ನನ್ನ ಹೆಂಡತಿಯ ವಿಷಯ. ಶೈಲಾ ದಾವಣಗೆರೆಯಲ್ಲಿ ಸರ್ಕಾರಿ ಕಾಲೇಜಿನ ಇತಿಹಾಸದ ಮೇಡಮ್ಮು. ಸರ್ಕಾರಿ ನೌಕರಿ ರಾಜ್ಯದ ಗಡಿ ದಾಟಿ ಬರುವುದಿಲ್ಲವಾದ್ದರಿಂದ ನಾನೊಬ್ಬನೇ ಇಲ್ಲಿಗೆ ಬಂದೆ, ಒಂದು ವರ್ಷದ ಮಟ್ಟಿಗೆ ಎಂದು. ಈಗ ಆರನೆಯ ವರ್ಷ. ಮದುಕ್ಕರೈನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿ ತೆರೆದಿಟ್ಟರೆ ಹತ್ತಿರದ ಕಾರ್ಖಾನೆಯ ಸಿಮೆಂಟಿನ ದೂಳು, ಮುಚ್ಚಿದರೆ ಸೆಕೆ. ನನ್ನ ತಮಿಳು ಈಗ ಪರವಾಗಿಲ್ಲ. ತರಕಾರಿಯವಳು ನಗುವುದನ್ನು ಬಿಟ್ಟಿದ್ದಾಳೆ. ಊಟಕ್ಕೂ ತೊಂದರೆಯಿಲ್ಲ. ಆದರೆ ಸಂಜೆ ಬೀಗ ತೆಗೆದು ಒಳಗೆ ಹೋದರೆ, ಬೆಳಿಗ್ಗೆ ನಾನು ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಅದನ್ನು ಯಾರೂ ಎತ್ತಿಟ್ಟಿರುವುದಿಲ್ಲ, ಎತ್ತಿಡಲಿಲ್ಲ ಎಂದು ಯಾರೂ ಬೈಯುವುದೂ ಇಲ್ಲ. ಶೈಲಾ ಉತ್ತರ ಪತ್ರಿಕೆ ತಿದ್ದುವಾಗ ತಮಾಷೆಯ ಉತ್ತರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಓದುತ್ತಾ ಓದುತ್ತಾ ಅವಳಿಗೇ ನಗು ಬಂದು ವಾಕ್ಯ ಮುಗಿಯುತ್ತಲೇ ಇರಲಿಲ್ಲ. ಈಗಲೂ ಫೋನಿನಲ್ಲಿ ಓದುತ್ತಾಳೆ, ಆದರೆ ವಾಕ್ಯ ಪೂರ್ತಿ ಮುಗಿಸುತ್ತಾಳೆ. ನನಗೆ ಬೇಕಾದದ್ದು ಆ ಮುಗಿಯದ ವಾಕ್ಯ. ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ ಎರಡು ದಿನ ನೆಂಟನ ಮರ್ಯಾದೆ ಸಿಗುತ್ತದೆ; ಮೂರನೆಯ ದಿನ ಮರ್ಯಾದೆ ಹೋಗಿ ಗಂಡನಾಗುವ ಹೊತ್ತಿಗೆ ಹೊರಡುವ ಸಮಯ.

ಹೀಗಿರುವಾಗ ದಾವಣಗೆರೆಯ ಪರಿಚಯದವರೊಬ್ಬರು, ಪಂಪ್‌ಸೆಟ್ಟಿನ ಸ್ಟಾರ್ಟರು ಮಾಡುವವರು, "ನಮ್ಮಲ್ಲಿಗೇ ಬಂದುಬಿಡಿ" ಎಂದು ಕರೆದರು. ನಾನೇನು ಹೇಳಿದೆನೆಂದು ಬೇರೆ ಹೇಳಬೇಕಿಲ್ಲ. ಅದೇ ಹೊತ್ತಿಗೆ ಶೈಲಾ ಬಾಡಿಗೆ ಮನೆ ಬದಲಾಯಿಸಬೇಕಾಗಿ ಬಂತು. ಎರಡು ಮನೆ ನೋಡಿಟ್ಟಿದ್ದಳು. ನಾನು ಬರುವುದಾದರೆ ದೊಡ್ಡದು, ಇಲ್ಲದಿದ್ದರೆ ಚಿಕ್ಕದು. ಅವಳು ಫೋನಿನಲ್ಲಿ ಕೇಳಲಿಲ್ಲ. ಫೋನಿನಲ್ಲಾದರೆ ನಾನು ಮಾತು ಹಾರಿಸುತ್ತೇನೆಂದು ಮೆಸೇಜು ಬರೆದು ಕಳಿಸಿದಳು. ನಾನು ಆಗ ಕರ್ನಲ್ಲಿನ ಪಟ್ಟಿಯ ನಡುವೆ ಮುಳುಗಿದ್ದೆ. 'ನೋಡೋಣ' ಎಂದು ಟೈಪು ಮಾಡಿ, ಪಟ್ಟಿಗೆ ಮರಳಿದೆ.

ಪೆಟ್ಟಿಗೆ ಸಿದ್ಧವಾಯಿತು. ಆಫೀಸಿನ ಮೇಜಿನ ಮೇಲೆ ಚೊಕ್ಕವಾಗಿ ಓಡಿತು, ಹೇರ್ ಡ್ರೈಯರಿನಿಂದ ಬಿಸಿಗಾಳಿ ಊದಿದರೆ ಫ್ಯಾನು ಹಾಕಿತು. ಬುಧವಾರ ಅದನ್ನು ಹೊತ್ತುಕೊಂಡು ಪಲ್ಲಡದ ಆಚೆ ರಂಗಸಾಮಿಯವರ ಕೋಳಿ ಫಾರ್ಮಿಗೆ ಹೋದೆ. ರಂಗಸಾಮಿ, ಅವರ ಹೆಂಡತಿ ಸರಸಕ್ಕ, ಇಬ್ಬರದೂ ತಲೆಮಾರುಗಳಿಂದ ಇಲ್ಲೇ ನೆಲೆನಿಂತ ಕನ್ನಡದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡಕ್ಕೂ ತಮಿಳಿನದೇ ರಾಗ. ನನಗೆ ಅದನ್ನು ಕೇಳುವುದೇ ಒಂದು ಹಬ್ಬ; ಇಲ್ಲದ ಕೆಲಸ ಹುಡುಕಿಕೊಂಡು ಅವರ ಫಾರ್ಮಿಗೆ ಹೋಗುತ್ತಿದ್ದೆನೆಂದು ನಮ್ಮ ಮುದಲಾಳಿಗೆ, ಎಂದರೆ ಕಂಪನಿಯ ಯಜಮಾನರಿಗೆ, ಇನ್ನೂ ಗೊತ್ತಿಲ್ಲ.

ಗೋಡೆಗೆ ಪೆಟ್ಟಿಗೆ ತೂಗುಹಾಕಿ ಸ್ವಿಚ್ಚು ಒತ್ತಿದೆ. ಪರದೆಯ ಮೇಲೆ ಅಕ್ಷರಗಳು ಸರಸರನೆ ಓಡಿ, ಥಟ್ಟನೆ ನಿಂತವು. ಪ್ಯಾನಿಕ್. ಮುಂದೇನು ಮಾಡುವುದೆಂದು ತೋಚದಿದ್ದರೆ ಕರ್ನಲ್ಲು 'ನನಗೆ ಗಾಬರಿಯಾಗಿದೆ' ಎಂದು ಬರೆದು ಸುಮ್ಮನಾಗಿಬಿಡುತ್ತದೆ. ಈ ಪ್ರಾಮಾಣಿಕತೆ ಎಂಜಿನಿಯರುಗಳಲ್ಲಿಲ್ಲ. ನಾನು "ಒಂದು ಸಣ್ಣ ಸೆಟ್ಟಿಂಗು ಸಾರ್" ಎಂದೆ. ನಾಲ್ಕು ಸಲ ಆರಿಸಿ ಹೊತ್ತಿಸಿದೆ, ನಾಲ್ಕು ಸಲವೂ ಅದಕ್ಕೆ ಗಾಬರಿಯೇ. ಬಿಸಿಲು ಏರುತ್ತಿತ್ತು, ಕೋಳಿಗಳು ಬಾಯಿ ತೆರೆದು ತೇಕುತ್ತಿದ್ದವು. ರಂಗಸಾಮಿ ಹೋಗಿ ಹಳೆಯ ಸ್ವಿಚ್ಚಿನಿಂದ ಎಲ್ಲ ಫ್ಯಾನು ಹಾಕಿ ಬಂದರು.

ತಪ್ಪು ಹೊಳೆಯಲು ಅರ್ಧ ಗಂಟೆ ಹಿಡಿಯಿತು. ಬೋರ್ಡಿನ ಉಗ್ರಾಣದ ಬಾಗಿಲು ತೆರೆಯಲು ಒಂದು ತುಣುಕು ಬೇಕು. ಅದಕ್ಕೂ ನಾನು ಕೈಯ ಅಭ್ಯಾಸಬಲದಿಂದ ಮೂರನೆಯ ಉತ್ತರವನ್ನೇ ಒತ್ತಿದ್ದೆ. ಅದು ಗಂಟುಕಟ್ಟಿಸಿಕೊಂಡು ಅದೇ ಉಗ್ರಾಣದೊಳಗೆ ಹೋಗಿ ಕೂತಿತ್ತು. ಆಫೀಸಿನಲ್ಲಿ ಬೋರ್ಡಿಗೆ ಬೇಕಾದದ್ದನ್ನೆಲ್ಲ ನನ್ನ ಕಂಪ್ಯೂಟರಿನಿಂದಲೇ ವೈರಿನಲ್ಲಿ ಉಣಿಸುತ್ತಿದ್ದೆನಾದ್ದರಿಂದ ಅದರ ಉಗ್ರಾಣದ ಬಾಗಿಲನ್ನು ತೆರೆಯುವ ಪ್ರಸಂಗವೇ ಬಂದಿರಲಿಲ್ಲ. ಏನಾಯಿತೆಂದು ಸರಸಕ್ಕ ಕೇಳಿದರು. ಆದಷ್ಟು ಸರಳವಾಗಿ ವಿವರಿಸಿದೆ.

"ಪೂಟ್ಟು ಹಾಕ್ಬುಟ್ಟು ಸಾವಿ ಒಳಗೇ ಇಟ್ಟೆಯಾ ತಂಬಿ?" ಎಂದರು. ಪೂಟ್ಟು ಬೀಗ, ಸಾವಿ ಬೀಗದ ಕೈ. ಒಂಬತ್ತು ದಿನದ ನನ್ನ ದುಡಿಮೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. "ಹೌದಕ್ಕಾ" ಎಂದು ತಲೆ ತಗ್ಗಿಸಿದೆ.

"ಸೆರಿ, ಮೋರು ಕುಡಿ" ಎಂದು ಮಜ್ಜಿಗೆಯ ಚೊಂಬು ತಂದಿಟ್ಟರು. ಮಜ್ಜಿಗೆ ಕುಡಿಯುತ್ತಾ ಅಭ್ಯಾಸದಂತೆ ಫೋನು ತೆಗೆದು ನೋಡುತ್ತಿದ್ದೆ. ಸರಸಕ್ಕ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಇದ್ಯಾವ ಎಳುತ್ತು? ಮಲಯಾಳವಾ?"

"ಕನ್ನಡ ಅಕ್ಕಾ. ನೀವು ಮಾತಾಡೋದೇ, ಬರೆದರೆ ಹೀಗಿರುತ್ತೆ."

"ನಮ್ ಎಳುತ್ತಾ! ಎಷ್ಟ್ ಉರುಟಾಗಿ ಅದೆ, ಮುತ್ತು ಕೋದಂಗೆ." ಸೆರಗಿನಿಂದ ಕೈ ಒರೆಸಿಕೊಂಡು ಪರದೆಯನ್ನು ಮುಟ್ಟಿ ನೋಡಿದರು. "ನಮ್ಗೆ ಓದಾಕೆ ಬರಲ್ಲ ತಂಬಿ. ಏನ್ ಬರೆದದೆ, ಓದು."

ಶೈಲಾಳ ಅದೇ ಮನೆಯ ಮೆಸೇಜು. ಓದಬಾರದಿತ್ತು. ಆದರೆ ತಮ್ಮ ಭಾಷೆಯನ್ನು ಬರಹದಲ್ಲಿ ಮೊದಲ ಸಲ ನೋಡುತ್ತಿರುವವರಿಗೆ ಆಗದು ಎನ್ನುವುದು ಹೇಗೆ? ಗಟ್ಟಿಯಾಗಿ ಓದಿದೆ: "ರೀ, ಎರಡು ಮನೆ ನೋಡಿದೀನಿ. ದೊಡ್ಡದರಲ್ಲಿ ನಿಮ್ಮ ಮೇಜು ಹಾಕೋಕೆ ಕಿಟಕಿ ಪಕ್ಕ ಜಾಗ ಇದೆ. ಚಿಕ್ಕದು ನನಗೊಬ್ಬಳಿಗೆ ಸಾಕು. ನೀವು ಬರ್ತೀರಾ ಇಲ್ವಾ ಅಂತ ಒಂದೇ ಮಾತು ಹೇಳಿ. ಭಾನುವಾರದೊಳಗೆ ಹೇಳಬೇಕಂತೆ."

ಮನಸ್ಸಿನಲ್ಲಿ ಓದಿಕೊಂಡಾಗ ಅದು ಮನೆಯ ವಿಷಯವಾಗಿತ್ತು. ಬಾಯಲ್ಲಿ ಓದಿದಾಗ ಕಿಟಕಿ ಪಕ್ಕದ ಜಾಗದ ಸಾಲನ್ನು ಎರಡು ಸಲ ಓದಿದೆ. ಅವಳು ಅಲ್ಲಿ ನಿಂತು ನನ್ನ ಮೇಜನ್ನು ಮನಸ್ಸಿನಲ್ಲೇ ಇಟ್ಟು ನೋಡಿದ್ದಳು.

"ನೀ ಏನಂದೆ?" ಎಂದರು ಸರಸಕ್ಕ.

"ನೋಡೋಣ ಅಂದೆ."

"ಏನ ನೋಡಾದು? ಹೆಂಡ್ರು ಬಾ ಅಂತಾಳೆ, ನೀ ಕೋಳಿಗೆ ಗಾಳಿ ಬೀಸ್ತಿದ್ದೀಯೆ! ಯಾವ ಞಾಯಿತ್ತು ಕೆಳಮೆ ಅದು?" ಯಾವ ಭಾನುವಾರ ಎಂದು ಅವರ ಪ್ರಶ್ನೆ. ಮೆಸೇಜಿನ ದಿನಾಂಕ ನೋಡಿದೆ. ಭಾನುವಾರ ಹೋಗಿ ಮೂರು ದಿನವಾಗಿತ್ತು.

ಬೇವಿನ ಮರದ ಕೆಳಗೆ ಹೋಗಿ ಫೋನು ಮಾಡಿದೆ. ಅವಳು ಎತ್ತಿಕೊಂಡ ಕೂಡಲೇ, ಉಸಿರು ತೆಗೆದುಕೊಂಡರೆ ಎಲ್ಲಿ ಮನಸ್ಸು ಬದಲಾಗುವುದೋ ಎಂದು ಹೆದರಿ, "ಶೈಲಾ, ದೊಡ್ಡ ಮನೆ ಹಿಡಿ. ನಾನು ಬರ್ತೀನಿ" ಎಂದೆ.

"ಯಾರ್ರೀ ಮಾತಾಡ್ತಿರೋದು?" ಎಂದಳು. "ಭಾನುವಾರವೇ ಚಿಕ್ಕ ಮನೆಗೆ ಬಂದೆ ರೀ. ಹಾಲುಕ್ಕಿಸಿ ಆಯ್ತು. ದೊಡ್ಡದಕ್ಕೆ ಬೇರೆಯವರು ಬಂದ್ರು."

"ನನಗೊಂದು ಮಾತು ಹೇಳಬಾರದಿತ್ತಾ?"

"ಕೇಳಿದ್ನಲ್ಲ. ನೀವು ನೋಡೋಣ ಅಂದ್ರಿ. ನಿಮ್ಮ ನೋಡೋಣ ಅಂದ್ರೆ ಏನು ಅಂತ ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಒಬ್ಬಳೇ ಒಲೆಯ ಮುಂದೆ ನಿಂತು, ಹಾಲು ಉಕ್ಕುವುದನ್ನು ಕಾದು, ಒಬ್ಬಳೇ ಕುಡಿದಿದ್ದಾಳೆ. ಹಾಲುಕ್ಕಿಸುವಾಗ ಪಕ್ಕದಲ್ಲಿ ನಿಂತು ಬೆಂಕಿ ಜಾಸ್ತಿಯಾಯಿತು, ಕಡಿಮೆಯಾಯಿತು ಎಂದು ಕಿರಿಕಿರಿ ಮಾಡಲು ಒಬ್ಬ ಗಂಡ ಬೇಡವೆ? ನನಗೆ ಅಳು ಬಂತು. ನಲವತ್ತಾರು ವರ್ಷದ ಗಂಡಸು ಕೋಳಿ ಫಾರ್ಮಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಮರದ ಕಡೆ ತಿರುಗಿಕೊಂಡೆ.

"ಚಿಕ್ಕದಾದರೂ ಸರಿ, ಬರ್ತೀನಿ" ಎಂದೆ. "ಇವತ್ತೇ ರಾಜೀನಾಮೆ ಕೊಡ್ತೀನಿ."

"ಒಂದೇ ಕೋಣೆ ರೀ. ನಿಮ್ಮ ಮೇಜು, ಪುಸ್ತಕ, ವೈರು, ಸುಟ್ಟುಹೋದ ಬೋರ್ಡು ಯಾವುದೂ ಹಿಡಿಯಲ್ಲ. ನೀವೊಬ್ಬರೇ ಆದರೆ ಬನ್ನಿ." ನನ್ನ ಅಳು ಅವಳಿಗೆ ಕೇಳಿಸಿತ್ತೆಂದು ಕಾಣುತ್ತದೆ, ದನಿ ಮೆತ್ತಗಾಯಿತು. "ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಿದೀನಿ. ನಿಮ್ಮ ಅಂಗಿಗೆ ಇರಲಿ ಅಂತ."

ಮೊಳೆ ಹೊಡೆಸಿದ್ದು ಯಾವತ್ತು ಎಂದು ಕೇಳಿದೆ. ಹಾಲುಕ್ಕಿಸಿದ ದಿನವೇ ಅಂತೆ.

ಮರುದಿನ ಉಗ್ರಾಣದ ತುಣುಕಿಗೆ 'ಬೇಕು' ಒತ್ತಿ, ಹವ್ಯಾಸಿ ರೇಡಿಯೋವನ್ನು ಕಿತ್ತುಹಾಕಿ, ಹೊಸ ಕರ್ನಲ್ಲು ಕಟ್ಟಿಕೊಂಡು ಹೋದೆ. ಪೆಟ್ಟಿಗೆ ಒಂದೇ ಸಲಕ್ಕೆ ಎದ್ದು ಫ್ಯಾನು ಹಾಕಿತು. ಸರಸಕ್ಕ ಪೆಟ್ಟಿಗೆಯನ್ನು ನೋಡಲಿಲ್ಲ, "ಹೆಂಡ್ರುಗೆ ಸೊಲ್ಲಿದೆಯಾ?" ಎಂದು ಕೇಳಿದರು. ಹೇಳಿದೆ ಎಂದೆ. ರಾಜೀನಾಮೆಯನ್ನೂ ಕೊಟ್ಟಾಯಿತು. ಕೊಟ್ಟ ಮೇಲೂ ಎರಡು ತಿಂಗಳು ದುಡಿಯಬೇಕೆಂಬುದು ಕಂಪನಿಯ ನಿಯಮ, ಅದೂ ಮುಗಿಯುತ್ತಾ ಬಂತು. ಮೇಜು ಪಕ್ಕದ ಮನೆಯವರಿಗೆ, ಪುಸ್ತಕ ಗೆಳೆಯರಿಗೆ, ಸುಟ್ಟ ಬೋರ್ಡುಗಳು ಗುಜರಿಗೆ ಹೋದವು. ಒಂದಕ್ಕೂ ನಾನು ಹಿಂದೆಮುಂದೆ ನೋಡಲಿಲ್ಲ. ಇಂಥ ವೀರ ನನ್ನೊಳಗೆ ಇದ್ದಾನೆಂದು ನನಗೇ ಗೊತ್ತಿರಲಿಲ್ಲ. ಉಳಿದಿರುವುದು ಬಟ್ಟೆ ಮಾತ್ರ. ಹನ್ನೊಂದು ಅಂಗಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿಟ್ಟುಕೊಂಡು ಇವತ್ತಿಗೆ ನಾಲ್ಕನೆಯ ದಿನ. ಮೊಳೆ ಒಂದೇ ಅಲ್ಲವೆ, ಯಾವುದನ್ನು ಒಯ್ಯುವುದೆಂದು ಇನ್ನೂ ತೀರ್ಮಾನವಾಗಿಲ್ಲ.