ಪಡಸಾಲೆ ಬಿಟ್ಟುಹೋದ ಗವಾಕ್ಷ

ನಮ್ಮ ಅಜ್ಜಂಪುರದ ಮನೆಗಳಿಗೆ ಬಾಗಿಲೆಂಬ ಬಾಯಿದೆ, ಕಣ್ಣೇ ಇಲ್ಲ ಎಂದು ನಾನು ಪತ್ರಿಕೆಯಲ್ಲಿ ಮೂರು ವಾರ ಗುಡುಗಿದೆ. ಗವಾಕ್ಷವೆಂದರೆ ಗೋವಿನ ಕಣ್ಣು. ಅದರಿಂದ ಬೆಳಕು ಒಳಬರಬೇಕು, ಹೊಗೆ ಹೊರಹೋಗಬೇಕು. ಅದಿಲ್ಲದ ಮನೆಯಲ್ಲಿ ಪ್ಲೇಗಿನ ಇಲಿಗೇ ಉಸಿರು ಕಟ್ಟುತ್ತದೆ ಎಂದೆಲ್ಲ ಬರೆದೆ. (ಕೂಲಿಮಠದಲ್ಲಿ ನಾನು ಓದಿದ್ದು ಎರಡೇ ವರ್ಷ. ಉಳಿದ ವಿದ್ವತ್ತೆಲ್ಲ ಸ್ವಯಾರ್ಜಿತ.)

ಬರೆದ ಮೇಲೆ ಮಾಡಿ ತೋರಿಸಬೇಕಲ್ಲ! ಗಾರೆ ಕೆಲಸದ ಬೀರಯ್ಯನಿಂದ ಪಡಸಾಲೆಯ ಗೋಡೆ ಒಡೆಸಿ, ಬೀದಿಯ ಕಡೆಗೆ ತೇಗದ ಗವಾಕ್ಷವೊಂದನ್ನು ಪ್ರತಿಷ್ಠಾಪಿಸಿದೆ. ಅದರ ಮುಂದೆ ಮೇಜು, ಮೇಜಿನ ಮುಂದೆ ನಾನು. ಬೀದಿಯಲ್ಲಿ ಹೋಗುವವರು ಬೇಡವೆಂದರೂ ಅವರಿಗೆ ಕಾಣುತ್ತಿದ್ದೆ.

"ಏನ್ರೀ, ಅಡುಗೆಮನೆಗೂ ಒಂದ್ ಇಡ್ಸಿ," ಎಂದಳು ಹೆಂಡತಿ ತೀರ್ಥಮ್ಮ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಹೊಗೇಲಿ ಸಾರ್ ಯಾವ್ದು, ಮಜ್ಜಿಗೆ ಯಾವ್ದು ಗೊತ್ತಾಗಕಿಲ್ಲ."

"ಅಡುಗೆಮನೆಗಾ? ಹೋಗೋರ್ ಬರೋರ್ ದೃಷ್ಟಿ ಅನ್ನದ ಮೇಲೆ ಬೀಳಲ್ವೇನೇ? ನಮ್ಮ ಮನೆತನದಲ್ಲಿ ಆ ಪದ್ಧತಿ ಇಲ್ಲ."

"ನಿಮ್ಮವ್ವನ ಕಣ್ಣು ಹೋಗಿದ್ದು ಇದೇ ಒಲೆ ಮುಂದೆ ಕಣ್ರೀ. ಅದೂ ಪದ್ಧತಿನಾ?"

ನನಗೆ ಕೆಮ್ಮು ಬಂತು. ಹೊಗೆಯಿಂದ ಎಂದುಕೊಂಡೆ.

ಮಾದರಿ ಗವಾಕ್ಷವನ್ನು ನೋಡಬರಬೇಕೆಂದು ಅಮಲ್ದಾರರನ್ನು ಆಹ್ವಾನಿಸಲು ತರೀಕೆರೆಗೆ ಹೋದೆ. ಮೂರನೆಯ ದಿನ ಅವರನ್ನು ಜೊತೆಗೇ ಕರೆತಂದು, ಪಡಸಾಲೆಯಲ್ಲಿ ನಿಂತು, "ನೋಡೋಣವಾಗಲಿ!" ಎಂದು ಕೈ ಚಾಚಿದೆ. ಕೈ ಚಾಚಿದ ಕಡೆ ಹಸಿ ಮಣ್ಣು ಮೆತ್ತಿದ ಬೋಳು ಗೋಡೆ!

ಒಳಗಿನಿಂದ ಬೀರಯ್ಯ ಕರಣೆ ಹಿಡಿದೇ ಇಣುಕಿದ. "ಅಮ್ಮಾವ್ರು ಹೇಳಿದ್ರು ಬುದ್ಧಿ. ಕಿತ್ತು ಒಲೆ ತಾವ ಇಟ್ಟಿವ್ನಿ."

ಅಮಲ್ದಾರರು ಹಿತ್ತಲಿಗೆ ಬಂದು ಗವಾಕ್ಷದಿಂದ ಇಣುಕಿದರು. ದೃಷ್ಟಿ ನೇರವಾಗಿ ಉಪ್ಪಿಟ್ಟಿನ ಮೇಲೆ ಬಿತ್ತು. ಎರಡು ತಟ್ಟೆ ಖಾಲಿಯಾಯಿತು.

"ನಿಮ್ಮ ಲೇಖನವನ್ನು ತಾಲ್ಲೂಕಿನಲ್ಲಿ ಒಬ್ಬರಾದರೂ ಅರ್ಥ ಮಾಡಿಕೊಂಡಿದಾರೆ," ಎಂದರು ಕೈ ತೊಳೆಯುತ್ತ.

"ನಂಗೆ ಓದಕ್ ಬರಾಕಿಲ್ಲ ಬುದ್ಧಿ," ಎಂದಳು ತೀರ್ಥಮ್ಮ. "ಬರೆದಿದ್ನ ಇವ್ರೇ ದಿನಾ ಗಟ್ಟಿಯಾಗಿ ಓದ್ಕೊಂತಾರೆ."

ಈಗ ಪಡಸಾಲೆಯಲ್ಲಿ ಹಗಲೇ ಕತ್ತಲೆ. "ಬರೆಯೋದಾದ್ರೆ ಇಲ್ಲೇ ಬನ್ನಿ, ಬೆಳಕೈತೆ. ಮೊದ್ಲು ಇದಿಷ್ಟು ಹೆಚ್ಕೊಡಿ," ಎಂದು ಈರುಳ್ಳಿ ಬುಟ್ಟಿಯನ್ನು ಮುಂದೆ ತಳ್ಳಿದಳು. ಈ ಲೇಖನ ಒಲೆಯ ಪಕ್ಕದಲ್ಲಿ ಕೂತು ಬರೆದದ್ದು. ಹಾಳೆಯ ಮೇಲಿನ ಕಲೆಗಳು ಈರುಳ್ಳಿಯಿಂದಾದವೆಂದು ಸಂಪಾದಕರಿಗೆ ತಿಳಿಸಿದ್ದೇನೆ. ಹಿತ್ತಲ ಓಣಿಯಲ್ಲಿ ಹೋಗುವವರಿಗೆ, ಬೇಡವೆಂದರೂ, ಈಗಲೂ ಕಾಣುತ್ತಿದ್ದೇನೆ.